ಇಪ್ಪತ್ತು ಜಿಬಿಯೊಳಗೆ ನಲವತ್ತೊಂದು ದನಿ

ವಿಶ್ವವಿದ್ಯಾಲಯದಿಂದ ಬಂದ ಮೇಲ್ ನಾಲ್ಕೇ ಸಾಲಿನದು. ಸಂಶೋಧನಾ ವಿದ್ಯಾರ್ಥಿಗಳ ಖಾತೆಗೆ ಕ್ಲೌಡ್‌ನಲ್ಲಿ ಇದುವರೆಗೆ ಜಾಗದ ಮಿತಿ ಇರಲಿಲ್ಲ, ಇನ್ನು ಮುಂದೆ ತಲಾ ಇಪ್ಪತ್ತು ಜಿಬಿ ಮಾತ್ರ. ಅದಕ್ಕಿಂತ ಹೆಚ್ಚಿಗೆ ತುಂಬಿಸಿಕೊಂಡವರು ಐದು ವಾರದೊಳಗೆ ತೆರವು ಮಾಡಬೇಕು. ತಪ್ಪಿದರೆ ಖಾತೆಗೆ ಹೊಸದೇನೂ ಸೇರುವುದಿಲ್ಲ, ಮೇಲ್ ಕೂಡ ಬರುವುದಿಲ್ಲ. ಆಮೇಲೆ ಹೆಚ್ಚಿನ ಫೈಲುಗಳನ್ನು ಅಳಿಸುವ ಹಕ್ಕು ವಿಶ್ವವಿದ್ಯಾಲಯಕ್ಕೆ ಇರುತ್ತದೆ.

ಅದನ್ನು ಓದಿದ್ದು ಬಂಗಾರಪೇಟೆ ಸ್ಟೇಷನ್ನಿನಲ್ಲಿ, ಬೆಳಗ್ಗೆ ಮಾರಿಕುಪ್ಪಂ ರೈಲಿಗೆ ಕಾಯುತ್ತ ನಿಂತಿದ್ದಾಗ. ಮನೆಯಲ್ಲಿ ಹಸು ಕರೆದು, ಡೇರಿಗೆ ಹಾಲು ಹಾಕಿ, ಆ ರೈಲು ಹಿಡಿದು ಕೆಜಿಎಫ್‌ನ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಹೋಗುವುದು ನನ್ನ ದಿನಚರಿ. ಫೋನಿನಲ್ಲೇ ಖಾತೆ ತೆರೆದು ನೋಡಿದೆ. ನೂರ ಎಂಬತ್ತಮೂರು ಜಿಬಿ. ರೈಲು ಬಂತು, ಹತ್ತಿದೆ, ಚಾಂಪಿಯನ್ ಸ್ಟೇಷನ್ ಬರುವವರೆಗೂ ಆ ಅಂಕಿಯಿಂದ ಇಪ್ಪತ್ತನ್ನು ಕಳೆಯುತ್ತಲೇ ಇದ್ದೆ.

ಆ ಜಾಗದಲ್ಲಿ ಇದ್ದದ್ದು ನಲವತ್ತೊಂದು ಜನರ ಮಾತು. ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ ಸುತ್ತಲಿನ ಹಳ್ಳಿಗಳ ಜನ ಕನ್ನಡ, ತೆಲುಗು, ತಮಿಳು ಮೂರನ್ನೂ ಬೆರೆಸಿ ಕೆಲಸದ ಮಾತನ್ನು ಹೇಗೆ ಕಟ್ಟಿಕೊಂಡರು ಎಂಬುದು ನನ್ನ ಪಿಎಚ್.ಡಿ.ಯ ವಿಷಯ. ಐದು ವರ್ಷ ಬೇತಮಂಗಲ, ಕ್ಯಾಸಂಬಳ್ಳಿ, ಚಾಂಪಿಯನ್ ರೀಫ್ಸ್ ಎಂದು ಅಲೆದು, ಮನೆಮನೆಯಲ್ಲಿ ಕೂತು ನೂರ ಮೂವತ್ತು ಗಂಟೆ ಧ್ವನಿಮುದ್ರಣ ಮಾಡಿದ್ದೆ. ಮೊದಲ ವರ್ಷವೇ ನನ್ನ ಲ್ಯಾಪ್‌ಟಾಪ್ ಕೆಟ್ಟು ಆರು ಜನರ ಮಾತು ಹೋಗಿತ್ತು. ಆಗ ಮಾರ್ಗದರ್ಶಕರು, "ನೋಡಮ್ಮ, ಎಲ್ಲ ಕ್ಲೌಡ್‌ಗೆ ಹಾಕಿಬಿಡು. ನಿನ್ನ ಲ್ಯಾಪ್‌ಟಾಪ್ ಸಾಯುತ್ತೆ, ವಿಶ್ವವಿದ್ಯಾಲಯ ಸಾಯಲ್ಲ" ಎಂದಿದ್ದರು. ಆ ಮಾತನ್ನು ನಾನು ಅಕ್ಷರಶಃ ನಂಬಿದ್ದೆ.

ಮಧ್ಯಾಹ್ನ ಅವರಿಗೇ ಫೋನ್ ಮಾಡಿದೆ.

"ಪ್ರಬಂಧದಲ್ಲಿ ಎಷ್ಟು ಉದಾಹರಿಸಿದ್ದೀಯ?" ಎಂದು ಕೇಳಿದರು.

"ಎಲ್ಲ ಸೇರಿಸಿದರೆ ನಾಲ್ಕು ಗಂಟೆ ಆಗಬಹುದು ಸರ್."

"ಅಷ್ಟನ್ನ ಇಟ್ಕೊ. ಮಿಕ್ಕಿದ್ದು ತೆಗೆದುಬಿಡು. ಇನ್ನು ಎರಡು ತಿಂಗಳಲ್ಲಿ ಪ್ರಬಂಧ ಒಪ್ಪಿಸಬೇಕು, ಈಗ ಇದರ ಹಿಂದೆ ಬೀಳಬೇಡ."

ಅವರು ಹೇಳಿದ್ದು ತಪ್ಪಲ್ಲ. ಆದರೆ ಆ ನಲವತ್ತೊಂದು ಜನರಲ್ಲಿ ಒಂಬತ್ತು ಮಂದಿ ಆಗಲೇ ತೀರಿಕೊಂಡಿದ್ದರು. ನಾನು ಉದಾಹರಿಸದ ನೂರ ಇಪ್ಪತ್ತಾರು ಗಂಟೆ ನನ್ನ ಪ್ರಬಂಧಕ್ಕೆ ಬೇಡವಿರಬಹುದು, ಬೇಡವಾದದ್ದಂತೂ ಅಲ್ಲ. ಒಂದನ್ನೂ ಕಳೆಯದೆ ಇಪ್ಪತ್ತರೊಳಗೆ ಬರಬೇಕು ಎಂದು ಅವತ್ತೇ ನಿಶ್ಚಯ ಮಾಡಿದೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮೊದಲು ಮಾಡಿದ್ದು ಏನು ಎಷ್ಟು ತಿಂದಿದೆ ಎಂದು ನೋಡುವ ಕೆಲಸ. ಖಾತೆಯಲ್ಲಿ ಫೈಲುಗಳನ್ನು ಗಾತ್ರದ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಿಸಿದರೆ ಕಳ್ಳರು ತಾವೇ ಮುಂದೆ ಬಂದು ನಿಲ್ಲುತ್ತಾರೆ. ಧ್ವನಿಯ ಮೂಲ ಫೈಲುಗಳು ಎಂಬತ್ತೆರಡು ಜಿಬಿ. ಕೆಲವು ಮನೆಗಳಲ್ಲಿ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ತೆಗೆದ ವಿಡಿಯೋಗಳು ಅರವತ್ತು. ಮೇಲ್‌ಗಳಿಗೆ ಅಂಟಿಕೊಂಡಿದ್ದ ಪ್ರಬಂಧದ ಹಳೆಯ ಕರಡುಗಳು, ಸ್ಕ್ಯಾನ್ ಪುಟಗಳು, ಚೂರುಪಾರು ಎಲ್ಲ ಸೇರಿ ಹತ್ತೊಂಬತ್ತು. ಮಿಕ್ಕ ಇಪ್ಪತ್ತೆರಡು ಜಿಬಿ ಎಲ್ಲಿ ಎಂದು ಹುಡುಕಿದರೆ, ಅದು ಅಳಿಸಿದವುಗಳ ಬುಟ್ಟಿಯಲ್ಲಿತ್ತು. ಅಳಿಸಿದ್ದು ಹೋಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಬುಟ್ಟಿ ಖಾಲಿ ಮಾಡುವ ತನಕ ಅದೂ ನಮ್ಮ ಜಾಗದ ಲೆಕ್ಕದಲ್ಲೇ ಇರುತ್ತದೆ.

ಬುಟ್ಟಿ ಖಾಲಿ ಮಾಡಿದೆ. ಒಂದೇ ಒತ್ತಿಗೆ ನೂರ ಅರವತ್ತೊಂದಕ್ಕೆ ಇಳಿಯಿತು. ಮೇಲ್‌ಗಳನ್ನು ಕೆದಕಿ ಇನ್ನು ಮೂರು ಜಿಬಿ ತೆಗೆದೆ. ಇಷ್ಟು ಸುಲಭವೇ ಅನ್ನಿಸಿತು. ಆ ಹುರುಪೇ ಮುಂದೆ ನನ್ನನ್ನು ಕೆಡಿಸಿದ್ದು.

ಎರಡನೆಯ ಹೆಜ್ಜೆ, ಎಲ್ಲವನ್ನೂ ಎರಡು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವುದು. ನಮ್ಮ ಹಳ್ಳಿಯ ಮನೆಯಲ್ಲಿ ಫೋನಿನ ನೆಟ್‌ವರ್ಕ್ ಕೊಟ್ಟಿಗೆಯ ಹತ್ತಿರ ಎರಡು ಗೆರೆ, ಮನೆಯೊಳಗೆ ಸೊನ್ನೆ. ಹಾಗಾಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಒಂದೇ ದಾರಿ. ಪ್ರಾಂಶುಪಾಲರನ್ನು ಕೇಳಿ, ತರಗತಿಗಳು ಶುರುವಾಗುವ ಮುಂಚಿನ ಒಂದೂವರೆ ಗಂಟೆ ಲ್ಯಾಬ್ ಬಳಸುವ ಅನುಮತಿ ಪಡೆದೆ. ಒಂದು ಫೋಲ್ಡರನ್ನು ಇಳಿಸು ಎಂದರೆ ಕ್ಲೌಡ್ ಅದನ್ನು ಎರಡೆರಡು ಜಿಬಿಯ ಗಂಟುಗಳಾಗಿ ಕಟ್ಟಿ ಕಳಿಸುತ್ತದೆ. ಹತ್ತು ಗಂಟು ಕಳಿಸಿದರೆ ಏಳು ಬರುತ್ತಿತ್ತು, ಎಂಟನೆಯದು ಅರ್ಧಕ್ಕೆ ತುಂಡಾಗುತ್ತಿತ್ತು. ಬಂದ ಗಂಟನ್ನು ಬಿಚ್ಚಿದರೆ ನಾನು ಫೋಲ್ಡರುಗಳಿಗೆ ಕನ್ನಡದಲ್ಲಿ ಕೊಟ್ಟಿದ್ದ ಹೆಸರುಗಳೆಲ್ಲ ಚೌಕ, ಪ್ರಶ್ನೆ ಚಿಹ್ನೆ, ಅರ್ಥವಿಲ್ಲದ ಅಕ್ಷರಗಳಾಗಿದ್ದವು. ಯಾವುದು ಯಾರ ಮಾತು ಎಂದು ತಿಳಿಯಲು ತೆರೆದು ಕೇಳಲೇಬೇಕು. ನಾಲ್ಕು ದಿನ ಹೀಗೇ ಕಳೆದವು. ಕೊನೆಗೆ ಫೋಲ್ಡರ್ ಬಿಟ್ಟು ಒಂದೊಂದೇ ಫೈಲನ್ನು ಇಳಿಸಲು ಹಿಡಿದೆ. ನಿಧಾನ, ಆದರೆ ಪೂರ್ತಿಯಾಗಿ ಬರುತ್ತಿತ್ತು.

ನಿಧಾನವನ್ನು ತಾಳಲಾರದೆ ಒಂದು ಅಡ್ಡದಾರಿ ಹಿಡಿದೆ. ಖಾತೆಯಲ್ಲಿ ಒಂದೇ ಹೆಸರಿನ, ಒಂದೇ ಗಾತ್ರದ ಫೈಲುಗಳು ಬೇಕಾದಷ್ಟಿದ್ದವು. ನೆಟ್ ಕೈಕೊಟ್ಟಾಗಲೆಲ್ಲ ಎರಡೆರಡು ಸಲ ಹಾಕಿದ್ದರ ಫಲ ಅದು. ಎರಡರಲ್ಲಿ ಒಂದನ್ನು ಅಳಿಸುತ್ತ ಹೋದರೆ ಇಳಿಸುವ ಭಾರವೂ ಕಡಿಮೆ, ಜಾಗವೂ ಸಿಕ್ಕೀತು. ಎರಡು ಬೆಳಗ್ಗೆ ಅದನ್ನೇ ಮಾಡಿದೆ. ಹದಿನಾಲ್ಕು ಜಿಬಿ ಹೋಯಿತು. ಹಿಂದಿನ ಪಾಠ ನೆನಪಿಟ್ಟುಕೊಂಡು ಬುಟ್ಟಿಯನ್ನೂ ಖಾಲಿ ಮಾಡಿದೆ.

ಮೂರನೆಯ ವಾರದಲ್ಲಿ, ಇಳಿಸಿದ ಫೈಲುಗಳನ್ನು ನನ್ನ ಕ್ಷೇತ್ರಕಾರ್ಯದ ನೋಟ್‌ಬುಕ್ಕಿನ ಜೊತೆ ತಾಳೆ ನೋಡುತ್ತ ಕೂತಿದ್ದೆ. ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯ ಒಬ್ಬ ಯಜಮಾನರ ಮೂರನೆಯ ಭೇಟಿಗೆ ನೋಟ್‌ಬುಕ್ಕಿನಲ್ಲಿ 'ಎರಡು ಭಾಗ' ಎಂದು ಬರೆದಿತ್ತು. ಡಿಸ್ಕಿನಲ್ಲಿ ಸಿಕ್ಕಿದ್ದು ಎರಡನೆಯ ಭಾಗ ಮಾತ್ರ, ನಾಲ್ಕು ನಿಮಿಷದ್ದು. ಅದರಲ್ಲಿ ಅವರ ಹೆಂಡತಿ ಕಾಫಿಗೆ ಸಕ್ಕರೆ ಎಷ್ಟು ಹಾಕಲಿ ಎಂದು ನನ್ನನ್ನು ಕೇಳುವುದು, ನಾನು ನಗುವುದು, ಮುಗಿಯಿತು. ಮೊದಲ ಭಾಗದ ಹೆಸರು ರೆಕಾರ್ಡರ್ ಕೊಟ್ಟ ಏಳನೆಯ ನಂಬರಿನದು. ಆ ಹೆಸರಿನ ಫೈಲು ಇತ್ತು. ತೆರೆದು ಕೇಳಿದೆ. ಬೇತಮಂಗಲದ ಪಂಪ್‌ಹೌಸಿನಲ್ಲಿದ್ದ ಇನ್ನೊಬ್ಬರ ದನಿ.

ಆಗಿದ್ದು ಇಷ್ಟು. ಕಾರ್ಡನ್ನು ಖಾಲಿ ಮಾಡಿದಾಗಲೆಲ್ಲ ರೆಕಾರ್ಡರ್ ಮತ್ತೆ ಒಂದರಿಂದ ನಂಬರ್ ಕೊಡುತ್ತದೆ. ಹಾಗಾಗಿ ಬೇರೆ ಬೇರೆ ಊರಿನ ಎರಡು 'ಏಳು' ಇದ್ದವು. ಗಾತ್ರವೂ ಒಂದೇ ಆಗಿದ್ದು ಯಾಕೆ ಎಂದರೆ, ಫೈಲು ಒಂದು ಜಿಬಿ ಮುಟ್ಟಿದ ಕೂಡಲೇ ರೆಕಾರ್ಡರ್ ಅದನ್ನು ಮುಚ್ಚಿ ಹೊಸದನ್ನು ತೆರೆಯುತ್ತದೆ. ಉದ್ದದ ಮಾತುಗಳ ಮೊದಲ ಭಾಗಗಳೆಲ್ಲ ಕೂದಲಷ್ಟೂ ವ್ಯತ್ಯಾಸವಿಲ್ಲದ ಒಂದೇ ಗಾತ್ರ. ನಾನು ಅವಳಿ ಎಂದುಕೊಂಡು ಅಳಿಸಿದ್ದು ಅವಳಿಯೇ ಅಲ್ಲ.

ಮಿಕ್ಕವನ್ನೆಲ್ಲ ಒಂದೊಂದಾಗಿ ತೆರೆದು ನೋಡಿದೆ. ಬೇರೆ ಯಾವುದೂ ಹೀಗೆ ಹೋಗಿರಲಿಲ್ಲ. ಹೋದದ್ದು ಇದೊಂದೇ.

ಆ ಯಜಮಾನರು ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಗೆ ಇಳಿಯುವ ಶಾಫ್ಟಿನ ಬಾಯಿಯಲ್ಲಿ ನಿಂತು ಗಂಟೆ ಕೊಡುವ ಕೆಲಸದಲ್ಲಿದ್ದವರು. ಅದರಲ್ಲಿ ಮೇಲೆ ಕೆಳಗೆ ಓಡಾಡುವ ಕೇಜಿನೊಳಗೆ ಆಳುಗಳಿದ್ದಾರೋ ಸಾಮಾನಿದೆಯೋ, ಇಳಿಸಬೇಕೋ ಎತ್ತಬೇಕೋ, ನಿಲ್ಲಿಸಬೇಕೋ ಎಲ್ಲವನ್ನೂ ದೂರದ ಯಂತ್ರದ ಮನೆಯಲ್ಲಿ ಕೂತವನಿಗೆ ಗಂಟೆಯ ಎಣಿಕೆಯಿಂದ ತಿಳಿಸುತ್ತಿದ್ದರು. ಮೊದಲ ಎರಡು ಭೇಟಿಯಲ್ಲಿ ಅವರು ಊರು, ಮನೆ, ಮದುವೆ ಎಂದು ಮಾತಾಡಿದ್ದರು. ಮೂರನೆಯ ಭೇಟಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ಬರೀ ಕೆಲಸದ ಮಾತು. ಗಂಟೆಗೆ ಮುಂಚೆ ಯಾವ ಭಾಷೆಯಲ್ಲಿ ಏನು ಕೂಗುತ್ತಿದ್ದರು, ಯಾರು ತೆಲುಗಿಗೆ ತಿರುಗುತ್ತಿದ್ದರು, ಯಾರು ತಮಿಳಿಗೆ, ಎಲ್ಲ. ನಾನು ಅದರಲ್ಲಿ ಹನ್ನೊಂದು ನಿಮಿಷ ಮಾತ್ರ ಬರೆದುಕೊಂಡಿದ್ದೆ. ಮತ್ತೆ ಹೋಗಿ ಕೇಳೋಣವೆಂದರೆ, ಹಿಂದಿನ ವರ್ಷ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಾತು ಪೂರ್ತಿ ನಿಂತಿತ್ತು.

ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿದೆ. ಎತ್ತಿದ ಅಧಿಕಾರಿ ತಾಳ್ಮೆಯವರು, ಪೂರ್ತಿ ಕೇಳಿಸಿಕೊಂಡರು.

"ಬುಟ್ಟಿ ಖಾಲಿ ಮಾಡಿ ಎಷ್ಟು ದಿನ ಆಯ್ತು ಮೇಡಂ?"

"ಹದಿಮೂರೋ ಹದಿನಾಲ್ಕೋ."

"ಇಪ್ಪತ್ತೈದು ದಿನದವರೆಗೆ ನಾವು ಇಲ್ಲಿಂದ ವಾಪಸ್ ತರಬಹುದು. ಆದರೆ ಒಂದೇ ಫೈಲ್ ಬೇಕು ಅಂದ್ರೆ ಆಗಲ್ಲ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಅಂತ ಕೊಟ್ಟರೆ, ಅಷ್ಟು ದಿನದಲ್ಲಿ ನೀವು ಅಳಿಸಿದ್ದೆಲ್ಲ ಒಟ್ಟಿಗೆ ಬರುತ್ತೆ. ಯಾವತ್ತು ಅಳಿಸಿದ್ರಿ?"

ನಾನು ಎಲ್ಲೂ ಬರೆದಿಟ್ಟಿರಲಿಲ್ಲ. ತಪ್ಪಿಹೋಗಬಾರದೆಂದು ಮೊದಲ ದಿನದಿಂದ ಹಿಡಿದು ಎಲ್ಲ ದಿನಗಳನ್ನೂ ಹೇಳಿದೆ. ಅಂದರೆ ಆ ಹದಿನಾಲ್ಕು ಜಿಬಿಯ ಜೊತೆಗೆ ಮೊದಲು ಖಾಲಿ ಮಾಡಿದ ಇಪ್ಪತ್ತೆರಡು ಜಿಬಿಯೂ ಬಂದು ಕೂರುತ್ತದೆ.

"ಇನ್ನೊಂದು ವಿಷಯ ಮೇಡಂ, ಮಿತಿ ಜಾರಿಗೆ ಬಂದ ಮೇಲೆ ತುಂಬಿರೋ ಖಾತೆಗೆ ನಾವು ಏನೂ ವಾಪಸ್ ಹಾಕೋಕೆ ಆಗಲ್ಲ. ಅದಕ್ಕೆ ಮುಂಚೆ ಆಗಬೇಕು. ಮಾರ್ಗದರ್ಶಕರ ಸಹಿ ಇರೋ ಪತ್ರ ಬೇಕು, ಏನು ಕಳೆದಿದೆ, ಹೇಗೆ ಕಳೀತು ಅಂತ ಬರೆದು. ಸ್ಕ್ಯಾನ್ ಮಾಡಿ ಕಳಿಸಿದ್ರೂ ನಡೆಯುತ್ತೆ."

ಮಾರ್ಗದರ್ಶಕರು ಆಗ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೇರೆ ಊರಿನಲ್ಲಿದ್ದರು. ಸಂಜೆ ಫೋನಿಗೆ ಸಿಕ್ಕಾಗ ವಿಷಯ ಹೇಳಿದೆ. ಅವರು ಹೇಳಿದರು: "ನೋಡಮ್ಮ, ಕ್ಷೇತ್ರಕಾರ್ಯದ ಸಾಮಗ್ರಿ ಅಳಿಸಿಹೋಗಿದೆ ಅಂತ ನೀನೇ ಬರೆದುಕೊಟ್ಟರೆ ಅದು ದಾಖಲೆಗೆ ಸೇರುತ್ತೆ. ನಾಳೆ ಸಮಿತಿಯವರು ಕೇಳ್ತಾರೆ. ಪ್ರಬಂಧ ಆರು ತಿಂಗಳು ಮುಂದೆ ಹೋದರೂ ಹೋಯ್ತು. ನಿನಗೆ ಬೇಕಾದ ಹನ್ನೊಂದು ನಿಮಿಷ ಬರೆದುಕೊಂಡಿದ್ದೀಯಲ್ಲ? ಯೋಚನೆ ಮಾಡು."

ಯೋಚನೆ ಮಾಡಿದೆ. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ನಿಜ. ನನಗೂ ಎಂಟು ವರ್ಷದ ಅತಿಥಿ ಉಪನ್ಯಾಸಕಿ ಕೆಲಸ ಸಾಕಾಗಿತ್ತು, ಪದವಿ ಬೇಗ ಬೇಕಿತ್ತು. ಪತ್ರ ಬರೆಯುವ ಮುಂಚೆ ಆ ಮನೆಗೆ ಹೋಗಿ ಬರಬೇಕು ಅನ್ನಿಸಿತು. ಮಾರನೆಯ ದಿನ ತರಗತಿ ಮುಗಿದ ಮೇಲೆ ಕ್ಯಾಸಂಬಳ್ಳಿ ಬಸ್ಸು ಹತ್ತಿದೆ.

ಯಜಮಾನರ ಹೆಂಡತಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಯಜಮಾನರು ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ನನ್ನನ್ನು ನೋಡಿ ಎಡಗೈ ಎತ್ತಿದರು.

"ಬನ್ರಮ್ಮ ಬನ್ನಿ. ಎಷ್ಟು ದಿನ ಆಯ್ತು ನೋಡಿ! ಪುಸ್ತಕ ಆಯ್ತಾ?" ಎಂದರು ಆಕೆ.

"ಇನ್ನೂ ಇಲ್ಲಮ್ಮ. ನನ್ನಿಂದ ಒಂದು ತಪ್ಪಾಗಿದೆ. ಹೇಳೋಣ ಅಂತ ಬಂದೆ."

ಕೂತು, ಆದದ್ದನ್ನೆಲ್ಲ ಹೇಳಿದೆ. ಜಿಬಿ, ಕ್ಲೌಡು ಎಂಬ ಮಾತು ಬಿಟ್ಟು, ಇಟ್ಟಿದ್ದ ಜಾಗ ಕಡಿಮೆ ಮಾಡಿದರು, ಜಾಗ ಮಾಡುವ ಆತುರದಲ್ಲಿ ನಾನೇ ಇವರ ಮಾತನ್ನು ಅಳಿಸಿದೆ ಎಂದೆ. ಆಕೆಯ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

"ಅಂಗಾದ್ರೆ ಅವರ ಮಾತು ಓಯ್ತಾ?"

"ಸಿಗಬಹುದು. ಸಿಗದೆಯೂ ಇರಬಹುದಮ್ಮ."

"ನಮ್ಮನೆಯಾಗೆ ಅವರ ಮಾತು ಎಲ್ಲೂ ಇಲ್ಲ ಕಣಮ್ಮ. ಫೋನಾಗೆ ಫೋಟೋಗಳವೆ, ಮಾತಿಲ್ಲ. ಮೇಡಮ್ಮನ ಅತ್ರ ಐತೆ, ಅವರ ದೊಡ್ಡ ಕಾಲೇಜಾಗೆ ಬದ್ರವಾಗಿ ಐತೆ ಅಂತ ನಾನು ದೈರ್ಯವಾಗಿದ್ದೆ."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಜವಾಗಿಯೂ ತಿಳಿಯದೆ ಕೇಳುವವರ ಹಾಗೆ ಕೇಳಿದರು:

"ಅವತ್ತೇ ನಮ್ಗೂ ಒಂದು ಆಕ್ಕೊಟ್ಟಿದ್ರೆ ಏನಾಗ್ತಿತ್ತಮ್ಮ? ನಿಮ್ಗೂ ಇರ್ತಿತ್ತು, ನಮ್ಗೂ ಇರ್ತಿತ್ತು."

ಏನೂ ಆಗುತ್ತಿರಲಿಲ್ಲ. ನಲವತ್ತೊಂದು ಮನೆಯಲ್ಲಿ ಒಂದು ಮನೆಗೂ ನಾನು ಅವರದೇ ಮಾತನ್ನು ವಾಪಸ್ ಕೊಟ್ಟಿರಲಿಲ್ಲ. ಒಪ್ಪಿಗೆಯ ಕಾಗದದಲ್ಲಿ 'ವಿಶ್ವವಿದ್ಯಾಲಯದಲ್ಲಿ ಸುರಕ್ಷಿತವಾಗಿ ಇಡಲಾಗುವುದು' ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಿದ್ದೆ.

ಮಂಚದಿಂದ ಒಂದು ದನಿ ಬಂತು, ಬರೀ "ಊಂ, ಊಂ" ಎಂಬಂಥದ್ದು. ಯಜಮಾನರು ಎಡಗೈಯನ್ನು ಬಾಗಿಲ ಕಡೆ ಬೀಸುತ್ತಿದ್ದರು. ಕೋಪವೇ ಎಂದು ನಾನು ಎದ್ದು ನಿಂತೆ.

"ಒರಡು ಅಂತಲ್ಲಮ್ಮ," ಎಂದರು ಆಕೆ. "ಓಗಿ ಉಡುಕು ಅಂತಾವ್ರೆ. ಸುಮ್ನೆ ಕುಂತ್ಕಂಡ್ರೆ ಅವರಿಗೆ ಆಗಾಕಿಲ್ಲ."

ವಾಪಸ್ ಬಸ್ಸಿನಲ್ಲೇ ಪತ್ರ ಬರೆದೆ. ಏನನ್ನೂ ಮುಚ್ಚದೆ ಬರೆದೆ: ಹೆಸರು ಮತ್ತು ಗಾತ್ರ ನೋಡಿ, ಕೇಳದೆ ಅಳಿಸಿದ್ದೇನೆ, ತಪ್ಪು ನನ್ನದು. ಮಾರ್ಗದರ್ಶಕರಿಗೆ ಕಳಿಸಿ ಫೋನ್ ಮಾಡಿದೆ. "ಸರ್, ಪ್ರಬಂಧ ಮುಂದೆ ಹೋದರೆ ಹೋಗಲಿ. ನಾನು ಆ ಮನೆಗೆ ಹೋಗಿ ಹೇಳಿ ಬಂದಿದ್ದೇನೆ. ಇನ್ನು ಗೊತ್ತಿಲ್ಲದ ಹಾಗೆ ಇರೋಕೆ ಆಗಲ್ಲ."

"ಹೇಳಿಯೇ ಬಂದೆಯಾ?" ಎಂದರು. "ಸರಿ. ಹಾಗಿದ್ದರೆ ಕೊನೆ ಸಾಲು ತೆಗಿ. 'ತಪ್ಪು ನನ್ನದು' ಅಂತ ಬೇಡ, 'ತಪ್ಪು ನಮ್ಮದು' ಅಂತ ಹಾಕು. ಕ್ಲೌಡ್‌ಗೆ ಮಾತ್ರ ಹಾಕು ಅಂದಿದ್ದು ನಾನು." ಒಂದು ಗಂಟೆಯಲ್ಲಿ ಸಹಿ ಮಾಡಿದ ಪತ್ರ ಬಂತು. ಅವರೊಂದಿಗೆ ನಾನು ಜಗಳಕ್ಕೆ ಸಿದ್ಧಳಾಗಿದ್ದೆ, ಆ ಸಿದ್ಧತೆಯೆಲ್ಲ ದಂಡವಾಯಿತು.

ಪತ್ರ ಕಳಿಸಿದ ಎರಡನೆಯ ದಿನ ಅಧಿಕಾರಿ ಫೋನ್ ಮಾಡಿದರು. "ವಾಪಸ್ ತರೋ ಕೆಲಸ ಓಡಿಸಿದ್ದೀನಿ ಮೇಡಂ. ಒಂದು ದಿನ ಹಿಡಿಯುತ್ತೆ. ಅಲ್ಲಿವರೆಗೆ ಖಾತೆ ಮುಟ್ಟಬೇಡಿ."

ಮುಟ್ಟಲಿಲ್ಲ. ಮಾರನೆಯ ಬೆಳಗ್ಗೆ ಲ್ಯಾಬಿನಲ್ಲಿ ತೆರೆದಾಗ ಅಂಕಿ ಮತ್ತೆ ಏರಿತ್ತು. ನಾನು ಎರಡು ವಾರ ಕೂತು ಗುಡಿಸಿದ ಕಸವೆಲ್ಲ ವಾಪಸ್ ಬಂದಿತ್ತು. ಕೆಲವು ಹಳೆಯ ಫೋಲ್ಡರಿಗೆ, ಕೆಲವು ಎಲ್ಲೂ ಸೇರದೆ ಹೊರಗೆ ಚೆಲ್ಲಿಕೊಂಡು. ನೂರಾರು ಹೆಸರುಗಳ ನಡುವೆ ಎರಡು 'ಏಳು' ಅಕ್ಕಪಕ್ಕ ನಿಂತಿದ್ದವು. ಒಂದನ್ನು ಒತ್ತಿದೆ, ಪಂಪ್‌ಹೌಸ್. ಇನ್ನೊಂದನ್ನು ಒತ್ತಿದೆ.

"ಮೂರು ಬೆಲ್ಲು ಒಡುದ್ರೆ ಒಳಗೆ ಮನುಸ್ರು ಅವ್ರೆ ಅಂತ ಕಣಮ್ಮ. ಆಗ ಆ ಇಂಜಿನ್ನೋನು ಮೆಲ್ಲಗೆ ಬಿಡ್ಬೇಕು. ತೆಲುಗೋರಿದ್ರೆ ಜಾಗ್ರತ್ತ ಅಂತ ಕೂಗೋದು, ತಮಿಳೋರಿದ್ರೆ ಪಾತ್ತು ಪಾತ್ತು ಅಂತ. ನಮ್ಮೋರಾದ್ರೆ ಏನು, ಉಸಾರು ಕಣ್ಲಾ ಅನ್ನೋದು..."

ಕಿವಿಗೆ ಹಾಕಿದ್ದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಆಮೇಲೆ ಮೊದಲ ಕೆಲಸವಾಗಿ ಅದನ್ನು ಎರಡು ಹಾರ್ಡ್ ಡಿಸ್ಕಿಗೂ ಇಳಿಸಿದೆ.

ಗಡುವಿಗೆ ಒಂಬತ್ತು ದಿನ ಉಳಿದಿತ್ತು. ಅಂಕಿ ಮೊದಲ ದಿನದ ಹತ್ತಿರಕ್ಕೇ ಬಂದು ನಿಂತಿತ್ತು. ಈ ಸಲ ಆತುರ ಪಡಲಿಲ್ಲ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಪ್ರತಿ ಫೈಲಿಗೆ ಒಂದು ಸಾಲು ಮಾಡಿದೆ. ಹಳೆಯ ಹೆಸರು, ಯಾರ ಮಾತು, ಯಾವ ಊರು, ಎಷ್ಟನೆಯ ಭೇಟಿ, ಯಾವತ್ತು ಇಳಿಸಿದೆ, ಯಾವತ್ತು ಅಳಿಸಿದೆ. ಹೊಸ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಕೊಟ್ಟೆ, ಬಿಚ್ಚಿದಾಗ ಕೆಡಬಾರದಲ್ಲ. ಇಳಿಸಿದ ಪ್ರತಿ ಫೈಲಿಗೂ ಅದರ ಬೆರಳಚ್ಚಿನಂಥ ಒಂದು ಉದ್ದನೆಯ ಅಕ್ಷರ-ಅಂಕಿಯ ಸಾಲನ್ನು ತೆಗೆದುಕೊಡುವ ಸಣ್ಣ ತಂತ್ರಾಂಶವಿದೆ. ಎರಡು ಫೈಲು ನಿಜವಾಗಿ ಒಂದೇ ಆದರೆ ಮಾತ್ರ ಆ ಸಾಲೂ ಒಂದೇ. ಒಂದು ಉಸಿರಿನಷ್ಟು ವ್ಯತ್ಯಾಸವಿದ್ದರೂ ಬೇರೆಯಾಗುತ್ತದೆ. ಅವಳಿಗಳನ್ನು ಇನ್ನು ಮುಂದೆ ಅದೇ ಹೇಳಲಿ ಎಂದು ಬಿಟ್ಟೆ. ಎರಡು ಡಿಸ್ಕಿನಲ್ಲೂ ಆ ಸಾಲು ತಾಳೆಯಾದ ಮೇಲೆಯೇ ಕ್ಲೌಡಿನದನ್ನು ಅಳಿಸಿದ್ದು.

ಆದರೆ ಎಲ್ಲವನ್ನೂ ಡಿಸ್ಕಿಗೆ ದಾಟಿಸಿ ಕ್ಲೌಡನ್ನು ಬರಿದು ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಡಿಸ್ಕೂ ಬೀಳುತ್ತದೆ, ಒಡೆಯುತ್ತದೆ. ಆಗ ಹೊಳೆದದ್ದು, ಇಪ್ಪತ್ತು ಜಿಬಿಯನ್ನು ಕಡಿಮೆ ಎಂದು ನೋಡುತ್ತಿದ್ದುದೇ ತಪ್ಪು ಎಂಬುದು. ಮೂಲ ಫೈಲುಗಳಿಗೆ ಅದು ಸಾಲದು. ಕೇಳಲು ಮಾತ್ರ ಸಾಕಾಗುವಷ್ಟು ಕುಗ್ಗಿಸಿದ ಪ್ರತಿಗೆ ಗಂಟೆಗೆ ಮೂವತ್ತು ಎಂಬಿಯೂ ಬೇಡ. ಲೆಕ್ಕ ಹಾಕಿದೆ. ನೂರ ಮೂವತ್ತು ಗಂಟೆಗೆ ನಾಲ್ಕು ಜಿಬಿಯೂ ಆಗುವುದಿಲ್ಲ. ಅಂದರೆ ನಲವತ್ತೊಂದು ಜನರೂ, ಅವರ ಪೂರ್ತಿ ಮಾತೂ ಆ ಖಾತೆಯಲ್ಲಿ ಹಿಡಿಯುತ್ತವೆ. ಮೂಲ ಫೈಲುಗಳನ್ನು ದನಿ ಸ್ವಲ್ಪವೂ ಕೆಡದಂತೆ ಕುಗ್ಗಿಸುವ ಇನ್ನೊಂದು ವಿಧಾನದಲ್ಲಿ ಅರ್ಧಕ್ಕೆ ಇಳಿಸಿ, ಒಂದು ಡಿಸ್ಕು ಮನೆಗೆ, ಒಂದು ವಿಭಾಗದ ಬೀರುವಿಗೆ. ವಿಡಿಯೋಗಳೂ ಡಿಸ್ಕಿಗೆ. ಇನ್ನೊಂದು ಪ್ರತಿ ಎಲ್ಲಿಗೆ ಎಂಬುದನ್ನು ಅವರೆಕಾಯಿ ಸುಲಿಯುತ್ತ ಒಬ್ಬರು ಆಗಲೇ ಹೇಳಿಕೊಟ್ಟಿದ್ದರು.

ಆ ಒಂಬತ್ತು ದಿನ ಬೆಳಗಿನ ಮೊದಲ ರೈಲಿಗೇ ಹೋದೆ. ಹಸು ಕರೆಯುವ ಪಾಳಿ ಅತ್ತೆಗೆ ಬಿತ್ತು. ನಡುವೆ ಒಂದು ದಿನ ಇಡೀ ಲ್ಯಾಬಿಗೆ ಕರೆಂಟ್ ಇರಲಿಲ್ಲ. ಇನ್ನೊಂದು ದಿನ ಕುಗ್ಗಿಸುವಾಗ ತಪ್ಪು ಆಯ್ಕೆ ಒತ್ತಿ ಹದಿನೇಳು ಫೈಲುಗಳ ದನಿ ಗುಬ್ಬಚ್ಚಿ ದನಿಯಂತಾಗಿ, ಎಲ್ಲವನ್ನೂ ಮತ್ತೆ ಮಾಡಿದೆ. ಮೂಲ ಇದ್ದುದರಿಂದ ಈ ಸಲ ಏನೂ ಹೋಗಲಿಲ್ಲ. ಮಾಡಿದ ಪ್ರತಿಯೊಂದನ್ನೂ ಮೊದಲು, ನಡು, ಕೊನೆ ಎಂದು ಮೂರು ಕಡೆ ಕೇಳಿ, ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಿದೆ. ತೀರಿಕೊಂಡ ಒಂಬತ್ತು ಜನರ ದನಿಯೂ ಹೀಗೆ ತುಣುಕು ತುಣುಕಾಗಿ ಕಿವಿಗೆ ಬಿತ್ತು. ಒಬ್ಬಾಕೆ ಕೆಮ್ಮಿನ ನಡುವೆ ಹಾಡು ನಿಲ್ಲಿಸಿ, "ತಡಿಯಮ್ಮ, ಇದು ಬೇಡ, ಮೊದ್ಲಿಂದ ಏಳ್ತೀನಿ" ಎನ್ನುತ್ತಿದ್ದರು. ಆ ಸಾಲನ್ನು ನಾನು ಎಲ್ಲೂ ಉದಾಹರಿಸಿಲ್ಲ. ಕೇಳಿ, ಟಿಕ್ ಹಾಕಿ, ಮುಂದಿನದಕ್ಕೆ ಹೋದೆ.

ಗಡುವಿನ ಹಿಂದಿನ ದಿನ ಬೆಳಗ್ಗೆ ಬುಟ್ಟಿಯನ್ನು ಕೊನೆಯ ಸಲ ಖಾಲಿ ಮಾಡಿದೆ. ಒತ್ತುವ ಮುಂಚೆ ನೋಟ್‌ಬುಕ್ಕಿನ ಅಷ್ಟೂ ಪುಟ ತಿರುವಿ ನೋಡಿದೆ. ಅಂಕಿ ತಕ್ಷಣ ಇಳಿಯಲಿಲ್ಲ. ಎರಡು ತರಗತಿ ಮುಗಿಸಿ ಬಂದು ನೋಡಿದರೆ ಹತ್ತೊಂಬತ್ತೂವರೆಗಿಂತ ಸ್ವಲ್ಪ ಕಡಿಮೆ. ಮಾರ್ಗದರ್ಶಕರಿಗೆ ಅದರ ಚಿತ್ರ ಕಳಿಸಿದೆ. "ಎಷ್ಟು ಜನ ಉಳಿದರು?" ಎಂದು ಕೇಳಿದರು. "ಎಲ್ಲರೂ" ಎಂದು ಬರೆದೆ. ಪ್ರಬಂಧದ ವಿಷಯಕ್ಕೆ ಸಮಿತಿ ಒಂದು ವಿವರಣೆ ಕೇಳಿತು, ಕೊಟ್ಟೆವು. ಒಪ್ಪಿಸುವ ದಿನ ಎರಡು ತಿಂಗಳು ಮುಂದೆ ಹೋಯಿತು, ಆರಲ್ಲ.

ಪ್ರತಿಗಳನ್ನು ಹಂಚುವ ಕೆಲಸವನ್ನು ಕ್ಯಾಸಂಬಳ್ಳಿ ಪಕ್ಕದ ಆ ಮನೆಯಿಂದಲೇ ಶುರು ಮಾಡಿದೆ. ಮೆಮೊರಿ ಕಾರ್ಡ್ ಹಾಕಿ ದೇವರ ಹಾಡು ಕೇಳುವ ಸಣ್ಣ ಸ್ಪೀಕರ್ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಇದೆ. ಅವರ ಮನೆಯದಕ್ಕೇ ಕಾರ್ಡ್ ಸಿಕ್ಕಿಸಿ ಮಂಚದ ಮೇಲಿಟ್ಟೆ. ಯಜಮಾನರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಒರಗಿ ನಿಂತರು. ದನಿ ಬಂತು. ಜೋರಾದ, ನಗುವ, ನಡುನಡುವೆ ತೆಲುಗಿಗೆ ಜಾರುವ ದನಿ. ಯಜಮಾನರು ಕಣ್ಣು ಮಿಟುಕಿಸದೆ ಸ್ಪೀಕರನ್ನೇ ನೋಡುತ್ತಿದ್ದರು, ಅದರೊಳಗೆ ಕೂತವನು ಏನು ಹೇಳುತ್ತಾನೋ ನೋಡೋಣ ಎಂಬಂತೆ.

ಅರ್ಧ ಗಂಟೆ ಆಗಿರಬೇಕು. ದನಿ ಹೇಳಿತು: "ಏಟು ಬಿದ್ದೋನ್ನ ಮೇಲಕ್ಕೆ ತರ್ತಾ ಅವ್ರೆ ಅಂದ್ರೆ ಐದು ಬೆಲ್ಲು..."

"ಊಂ ಊಂ!" ಯಜಮಾನರು ತಲೆ ಅಲ್ಲಾಡಿಸಿದರು. ಎಡಗೈಯಿಂದ ಸ್ಪೀಕರನ್ನು ತಳ್ಳಿದರು. ನಾನು ಗಾಬರಿಯಾಗಿ ನಿಲ್ಲಿಸಿದೆ. ನೋವಾಯಿತೇನೋ, ತನ್ನದೇ ದನಿ ಕೇಳಲಾಗಲಿಲ್ಲವೇನೋ ಎಂದುಕೊಂಡೆ.

ಆಕೆ ಹತ್ತಿರ ಬಂದು ಗಂಡನ ಮುಖ ನೋಡಿದರು. "ಏನು? ತಪ್ಪಾ?" ಅವರು ಹೌದೆಂದು ಬಲವಾಗಿ ತಲೆಯಾಡಿಸಿದರು. "ತಪ್ಪೇಳಿದೀನಿ ಅಂತಾವ್ರೆ ಕಣಮ್ಮ!" ಎಂದು ಆಕೆ ನಗು ತಡೆಯಲಾರದೆ ಹೇಳಿದರು. "ಅವತ್ತು ನಿಮ್ಮುಂದೆ ಜಂಬ ಜಾಸ್ತಿಯಾಗಿತ್ತು. ಅದ್ಕೇ ಲೆಕ್ಕ ತಪ್ಪವ್ರೆ."

ಯಜಮಾನರು ಎಡಗೈಯ ಗೆಣ್ಣಿನಿಂದ ಮಂಚದ ಚೌಕಟ್ಟಿಗೆ ಬಡಿದರು. ಮೂರು. ನಿಲ್ಲಿಸಿದರು, ಒಂದು ಉಸಿರಿನಷ್ಟು. ಮತ್ತೆ ಮೂರು. ನನ್ನನ್ನು ನೋಡಿದರು.

ಆ 'ಐದು' ನನ್ನ ಹನ್ನೊಂದು ನಿಮಿಷದೊಳಗೇ ಇತ್ತು. ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಸುಮ್ಮನಿದ್ದಿದ್ದರೆ ಹಾಗೇ ಅಚ್ಚಾಗುತ್ತಿತ್ತು.

ನಾನು ಮಂಚದ ಇನ್ನೊಂದು ತುದಿಯಲ್ಲಿ ಬಡಿದು ತೋರಿಸಿದೆ. ಅವರು ತಲೆ ಅಲ್ಲಾಡಿಸಿದರು, ನಡುವಿನ ನಿಲುಗಡೆ ಕಡಿಮೆಯಾಗಿತ್ತು. ಮತ್ತೆ ಬಡಿದೆ. ಅದೂ ಸರಿಯಿಲ್ಲ. ನಾಲ್ಕನೆಯ ಸಲಕ್ಕೆ ಒಪ್ಪಿದರು. ಆಮೇಲೆ ನನ್ನ ಚೀಲದ ಕಡೆ ಕೈ ತೋರಿಸಿ, ಏನನ್ನೋ ಒತ್ತುವಂತೆ ಹೆಬ್ಬೆರಳು ಆಡಿಸಿದರು. ರೆಕಾರ್ಡರ್ ತೆಗೆದು ಆನ್ ಮಾಡಿ ಚೌಕಟ್ಟಿನ ಪಕ್ಕ ಇಟ್ಟೆ.

ನಲವತ್ತು ಸೆಕೆಂಡಿನ ಫೈಲು ಅದು. ಮಾತಿಲ್ಲ, ಮರದ ಮೇಲೆ ಗೆಣ್ಣಿನ ಸದ್ದು ಮಾತ್ರ, ಕೊನೆಯಲ್ಲಿ ಆಕೆ "ಸಾಕು ಬಿಡಿ, ಕೈ ನೋಯ್ತದೆ" ಎನ್ನುವುದು. ಅಲ್ಲೇ ಜಗುಲಿಯಲ್ಲಿ ಕೂತು ಅದಕ್ಕೆ ಅವರ ಹೆಸರು, ಊರು, ಐದನೆಯ ಭೇಟಿ ಎಂದು ಹೆಸರಿಟ್ಟು, ಮೊದಲ ಪ್ರತಿಯನ್ನು ಅವರ ಕಾರ್ಡಿಗೇ ಹಾಕಿದೆ.